ಸರ್ಕಾರದ ಹಣ ಆಸ್ಪತ್ರೆಗಳನ್ನು ಸುಧಾರಿಸಿದೆಯೆ? ರಾಯಚೂರು, ಕೊಪ್ಪಳ, ಬಳ್ಳಾರಿಯವರು ಬರೆಯಿರಿ

ಅರ್ಥಶಾಸ್ತ್ರ ಮೇಷ್ಟ್ರು, ಸಿಂಧನೂರು:

ಸಿಂಧನೂರಿನಿಂದ ಗಂಗಾವತಿಯ ಕಡೆಗೆ ಹೋಗುವಾಗ ಖಾಸಗಿ ಆಸ್ಪತ್ರೆಗಳ ನಾಮಫಲಕಗಳನ್ನು ಗಮನಿಸಿ. ವೈದ್ಯರ ಹೆಸರಿನಷ್ಟೇ ದೊಡ್ಡದಾಗಿ ಸರ್ಕಾರಿ ಯೋಜನೆಗಳ ಹೆಸರು ಇರುತ್ತದೆ. ರೋಗಿಯನ್ನು ಕರೆಯುವುದಕ್ಕೆ ಈಗ ಅದೇ ದೊಡ್ಡ ಆಕರ್ಷಣೆ. ನಮ್ಮ ರೈತ ಗೆಳೆಯರ ನಡುವೆ ಇದೇ ವಿಷಯಕ್ಕೆ ಜೋರು ವಾದ ನಡೆದಿದೆ. ಸರ್ಕಾರಿ ಆಸ್ಪತ್ರೆಗಳಿಗೆ ಸುರಿಯುವ ಹಣವನ್ನು ನಿಲ್ಲಿಸಿ ಎಲ್ಲರ ಕೈಗೂ ಉಚಿತ ಚಿಕಿತ್ಸೆಯ ಕಾರ್ಡ್ ಕೊಡಲಿ, ರೋಗಿ ತನಗೆ ಬೇಕಾದ ಕಡೆ ಹೋಗಲಿ, ಪೈಪೋಟಿ ಬಿದ್ದರೆ ಎಲ್ಲರೂ ತಾವಾಗಿಯೇ ನೆಟ್ಟಗಾಗುತ್ತಾರೆ ಎಂಬುದು ಹಲವರ ಮಾತು. ಕೇಳಲು ಸೊಗಸಾಗಿದೆ. ನಮ್ಮ ಜಿಲ್ಲೆಗಳಲ್ಲಿ ಅದು ನಡೆಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾರಣ ಹೇಳುತ್ತೇನೆ.

ಸರ್ಕಾರ ಆಸ್ಪತ್ರೆಗೆ ಹಣ ಕೊಡುವ ದಾರಿ ಒಂದೇ ಅಲ್ಲ. ಕಟ್ಟಡ, ಯಂತ್ರಗಳಿಗೆ ಕೊಡಬಹುದು. ವರ್ಷದ ಕೊನೆಗೆ ನಷ್ಟ ತುಂಬಿಕೊಡಬಹುದು. ಒಬ್ಬೊಬ್ಬ ರೋಗಿಯ ಚಿಕಿತ್ಸೆಗೆ ಇಷ್ಟು ಎಂದು ದರ ಕಟ್ಟಿ ಕೊಡಬಹುದು. ಮೂರರ ಪರಿಣಾಮವೂ ಬೇರೆ ಬೇರೆ. ರಾಯಚೂರು ಜಿಲ್ಲೆ ಮೂರನ್ನೂ ಕಂಡಿದೆ.

ಒಪೆಕ್ ಆಸ್ಪತ್ರೆ ಎಂದು ನಾವೆಲ್ಲ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಚರಿತ್ರೆಯನ್ನು ಈಗಿನ ಹುಡುಗರು ತಿಳಿಯಬೇಕು. ತೈಲ ರಾಷ್ಟ್ರಗಳ ಒಕ್ಕೂಟದ ನೆರವಿನಿಂದ ಅದು ಎದ್ದಿತು. ನಡೆಸುವ ಹೊಣೆಯನ್ನು 2002ರಿಂದ 10 ವರ್ಷಗಳ ಒಪ್ಪಂದದ ಮೇಲೆ ಅಪೋಲೊ ಸಂಸ್ಥೆಗೆ ಕೊಟ್ಟರು. ಜಾಗ, ಕಟ್ಟಡ, ಸಿಬ್ಬಂದಿ ವಸತಿ, ರಸ್ತೆ, ನೀರು, ವಿದ್ಯುತ್ ಸಂಪರ್ಕ ಸರ್ಕಾರದ್ದು. ವೈದ್ಯರು ಮತ್ತು ಆಡಳಿತ ಸಂಸ್ಥೆಯದ್ದು. ಮೊದಲ 3 ವರ್ಷದ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು. ನಾಲ್ಕನೆಯ ವರ್ಷದಿಂದ ನಿವ್ವಳ ಲಾಭದಲ್ಲಿ 30% ಸಂಸ್ಥೆಗೆ. ಲಾಭವೇ ಬಾರದಿದ್ದರೆ ಒಟ್ಟು ಬಿಲ್ಲಿನ 3% ಮೀರದಂತೆ ಸೇವಾ ಶುಲ್ಕ. ಹಾಸಿಗೆಗಳಲ್ಲಿ 40% ಬಡವರಿಗೆ.

ಈ ಷರತ್ತುಗಳನ್ನು ನಿಧಾನವಾಗಿ ಮತ್ತೊಮ್ಮೆ ಓದಿ. ನಷ್ಟವಾದರೆ ತುಂಬುವವರಿದ್ದಾರೆ, ಲಾಭವಾದರೆ ಪಾಲಿದೆ, ಎರಡೂ ಇಲ್ಲದಿದ್ದರೆ ಶುಲ್ಕವಿದೆ. ಬಡ ರೋಗಿ ಗುಣವಾಗಿ ಮನೆಗೆ ಹೋದನೇ ಎಂಬುದಕ್ಕೆ ಹಣದ ಲೆಕ್ಕದಲ್ಲಿ ಜಾಗವೇ ಇಲ್ಲ. ಸಂಸ್ಥೆ ಒಳ್ಳೆಯದೋ ಕೆಟ್ಟದೋ ಎಂಬುದು ನನ್ನ ಚರ್ಚೆಯಲ್ಲ. ಆ ಒಪ್ಪಂದದ ಕೆಳಗೆ ಯಾರು ಕುಳಿತಿದ್ದರೂ ಬಡವರ ವಾರ್ಡಿಗಾಗಿ ಬೆವರು ಸುರಿಸುವ ಕಾರಣ ಇರಲಿಲ್ಲ. 2012ರಲ್ಲಿ ಅವಧಿ ಮುಗಿದು ಆಸ್ಪತ್ರೆ ಸರ್ಕಾರದ ಕೈಗೆ ಮರಳಿತು.

ಈಗಿನದು ಮೂರನೆಯ ದಾರಿ, ರೋಗಿಯ ಹಿಂದೆ ಹಣ ಹೋಗುವುದು. ಇದು ಮೊದಲಿನೆರಡಕ್ಕಿಂತ ಉತ್ತಮ ಎಂದು ಒಪ್ಪುತ್ತೇನೆ. ಆದರೆ ರೋಗಿಗೆ ಹೋಗಲು ಎರಡನೆಯ ಆಸ್ಪತ್ರೆ ಇರಬೇಕು, ಯಾವುದು ಒಳ್ಳೆಯದೆಂದು ತಿಳಿಯುವ ಉಪಾಯವೂ ಇರಬೇಕು. ಒಂದೇ ಅಂಗಡಿ ಇರುವ ಊರಿನಲ್ಲಿ ಕೈಗೆ ಕೂಪನ್ ಕೊಟ್ಟ ಮಾತ್ರಕ್ಕೆ ತೂಕ ಸರಿಯಾಗುವುದಿಲ್ಲ. ನಿಮ್ಮ ನಿಮ್ಮ ಊರಿನ ಸಂಗತಿ ಬರೆಯಿರಿ.

ಮಾಜಿ ಆರೋಗ್ಯ ಮಿತ್ರ, ಬಳ್ಳಾರಿ:

ಮೇಷ್ಟ್ರೇ, ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ಕುಳಿತು ಈ ಯೋಜನೆಯ ಕಾಗದ ನೋಡಿದವನಾಗಿ ಕೆಲವು ಮಾತು ಸೇರಿಸುತ್ತೇನೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಸರ್ಕಾರ ಕಟ್ಟಿದ ಒಟ್ಟು ದರ) 30%, ವರ್ಷಕ್ಕೆ 1.5 ಲಕ್ಷದ ಮಿತಿ. 2018ರ ಅಕ್ಟೋಬರ್‌ನಲ್ಲಿ ರಾಜ್ಯದ ಆರೋಗ್ಯ ಕರ್ನಾಟಕವನ್ನು ಕೇಂದ್ರದ ಆಯುಷ್ಮಾನ್ ಜೊತೆ ಕೂಡಿಸಿದಾಗ 1,650 ಚಿಕಿತ್ಸೆಗಳ ಪಟ್ಟಿ ಬಂತು. ಇಲ್ಲಿ ನಡುವೆ ವಿಮಾ ಕಂಪನಿ ಇಲ್ಲ, ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಪಾವತಿಸುತ್ತದೆ.

ಮುಖ್ಯವಾದದ್ದು ರೆಫರಲ್. ತುರ್ತು ಚಿಕಿತ್ಸೆ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸಾಧ್ಯವಿಲ್ಲ ಎಂದು ವೈದ್ಯರು ಚೀಟಿ ಬರೆದರೆ ಮಾತ್ರ ಖಾಸಗಿಗೆ. ಆದ್ದರಿಂದ 'ರೋಗಿ ತನಗೆ ಬೇಕಾದ ಕಡೆ ಹೋಗುತ್ತಾನೆ' ಎಂಬ ವಾದ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ. ಹಾಗೆಂದು ರೆಫರಲ್ ತೆಗೆದುಹಾಕಿ ಎನ್ನುವವನಲ್ಲ ನಾನು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹೆಣ್ಣುಮಕ್ಕಳ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದ ಪ್ರಕರಣಗಳು ಹೊರಬಂದದ್ದು ನೆನಪಿದೆಯಲ್ಲ? ಕೊಯ್ದಷ್ಟೂ ಹಣ ಬರುವ ಕಡೆ ಕೊಯ್ಯುವವರು ಇದ್ದೇ ಇರುತ್ತಾರೆ. ಚೀಟಿ ಬರೆಯುವ ಸರ್ಕಾರಿ ವೈದ್ಯರು ಆ ಕತ್ತರಿಗೆ ಒಂದು ತಡೆ.

ಇನ್ನೊಂದು ಸಂಗತಿ. ಪ್ಯಾಕೇಜ್ ದರ ನಿಗದಿಯಾಗಿರುವುದರಿಂದ ಬೆಲೆಯಲ್ಲಿ ಪೈಪೋಟಿ ಇಲ್ಲ. ಆಗ ಆಸ್ಪತ್ರೆಗಳು ಯಾವುದಕ್ಕೆ ಪೈಪೋಟಿ ಮಾಡುತ್ತವೆ? ನಾನು ಕಂಡಂತೆ ಸುಲಭದ ರೋಗಿಗಾಗಿ. ನಲವತ್ತು ವಯಸ್ಸಿನ, ಬೇರೆ ಕಾಯಿಲೆ ಇಲ್ಲದವರಿಗೆ ಎಲ್ಲರೂ ಬಾಗಿಲು ತೆರೆಯುತ್ತಾರೆ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ತೊಂದರೆ ಎರಡೂ ಇರುವ ಅಜ್ಜನಿಗೆ 'ಹಾಸಿಗೆ ಖಾಲಿ ಇಲ್ಲ' ಎಂಬ ಉತ್ತರ. ಅಂಥವರೆಲ್ಲ ಕೊನೆಗೆ ಬರುವುದು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ನಮ್ಮ ಹಳೆಯ ವಿಮ್ಸ್‌ಗೆ. ಆಮೇಲೆ ವಿಮ್ಸ್‌ನಲ್ಲಿ ಸಾವು ಹೆಚ್ಚು ಎಂದು ಊರೆಲ್ಲ ಮಾತಾಡುತ್ತದೆ.

ಸಣ್ಣ ನರ್ಸಿಂಗ್ ಹೋಂ ವೈದ್ಯ, ಗಂಗಾವತಿ:

ಖಾಸಗಿಯವರ ಪರವಾಗಿಯೂ ಒಬ್ಬರು ಮಾತಾಡಬೇಕು. ಮಿತ್ರರೇ, ನೀವು ಹೇಳಿದ ಅಜ್ಜನ ಚಿಕಿತ್ಸೆಗೆ ಆಗುವ ಖರ್ಚು ಮತ್ತು ನಲವತ್ತರ ರೋಗಿಯ ಖರ್ಚು ಒಂದೇ ಅಲ್ಲ. ಪ್ಯಾಕೇಜ್ ದರ ಮಾತ್ರ ಎರಡಕ್ಕೂ ಒಂದೇ. ಐಸಿಯುನಲ್ಲಿ ನಾಲ್ಕು ದಿನ ಹೆಚ್ಚು ಉಳಿದರೆ ಆ ಹೊರೆ ನಮ್ಮ ಮೇಲೆ. ಕ್ಲೇಮ್ ಹಣ ತಿಂಗಳುಗಟ್ಟಲೆ ತಡವಾದಾಗ ನರ್ಸ್‌ಗಳ ಸಂಬಳಕ್ಕೆ ನಾನು ಬ್ಯಾಂಕಿನಿಂದ ಬಡ್ಡಿಗೆ ತರುತ್ತೇನೆ. ದೊಡ್ಡ ಆಸ್ಪತ್ರೆ ಆ ತಡವನ್ನು ತಾಳಿಕೊಳ್ಳುತ್ತದೆ, ಇಪ್ಪತ್ತು ಹಾಸಿಗೆಯವನಿಗೆ ಆಗುವುದಿಲ್ಲ. ಸರ್ಕಾರದ ನೆರವು ಪೈಪೋಟಿಯನ್ನು ಹೆಚ್ಚಿಸುವುದರ ಬದಲು ಸಣ್ಣವರನ್ನು ಕಣದಿಂದ ಹೊರಗೆ ತಳ್ಳುವುದು ಹೀಗೆ. ನನಗೆ ಗೊತ್ತಿರುವ ವೈದ್ಯ ಮಿತ್ರರು ಯೋಜನೆಯಿಂದ ಹೊರಬಂದಿದ್ದಾರೆ.

ಇನ್ನು ಸರ್ಕಾರಿ ಆಸ್ಪತ್ರೆಗೂ ಅದೇ ಯೋಜನೆಯಿಂದ ಪ್ಯಾಕೇಜ್ ಹಣ ಹೋಗುತ್ತದೆ. ಅವರ ಕಟ್ಟಡ, ಸಂಬಳ, ಔಷಧ ಬೇರೆ ಲೆಕ್ಕದಿಂದ ಬರುತ್ತವೆ. ನಾನು ಎಲ್ಲವನ್ನೂ ಒಂದೇ ದರದಲ್ಲಿ ಹೊಂದಿಸಬೇಕು. ಇದು ಸಮಾನರ ಓಟವೇ?

ಅರ್ಥಶಾಸ್ತ್ರ ಮೇಷ್ಟ್ರು, ಸಿಂಧನೂರು:

ಡಾಕ್ಟರೇ, ತಡಪಾವತಿಯ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ರೋಗದ ತೀವ್ರತೆ ನೋಡಿ ದರ ಕಟ್ಟಬೇಕು ಎಂಬುದೂ ಸರಿ. ಸರ್ಕಾರಿ ಆಸ್ಪತ್ರೆಗೆ ಎರಡೂ ಕಡೆಯ ಹಣ ಸಿಗುವುದು ಅನ್ಯಾಯ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ರಾತ್ರಿ ಎರಡು ಗಂಟೆಗೆ ಬರುವ ಹಾವು ಕಡಿತ, ವಿಷ ಕುಡಿದವರು, ವಾರಸುದಾರರಿಲ್ಲದ ಅಪಘಾತದ ಗಾಯಾಳು, ಕ್ಷಯ, ಶವಪರೀಕ್ಷೆ, ಪೊಲೀಸ್ ಪ್ರಕರಣ, ಇವೆಲ್ಲ ಸರ್ಕಾರಿ ಆಸ್ಪತ್ರೆಯ ಪಾಲು. ಸಂಬಳದ ಅನುದಾನ ಆ ಕೆಲಸಗಳಿಗೂ ಸೇರಿ ಬರುತ್ತದೆ. ಕೊರೊನಾ ಸೋಂಕಿನ ಕಾಲದಲ್ಲಿ ಊರಿಗೆ ಊರೇ ಎಲ್ಲಿ ಹೋಗಿ ನಿಂತಿತ್ತು ಎಂದು ನಿಮಗೂ ಗೊತ್ತು.

ಪೈಪೋಟಿಯ ಬಗ್ಗೆ ಹೊರಗಿನ ಒಂದು ಅನುಭವ ಹೇಳುತ್ತೇನೆ, ಏಕೆಂದರೆ ಅದು ನಮ್ಮ ವಾದಕ್ಕೆ ನೇರವಾಗಿ ತಾಗುತ್ತದೆ. ಇಂಗ್ಲೆಂಡಿನಲ್ಲಿ ಬಹುಪಾಲು ಆಸ್ಪತ್ರೆಗಳು ಸರ್ಕಾರದ ಹಣದಿಂದಲೇ ನಡೆಯುತ್ತವೆ. 1990ರ ದಶಕದಲ್ಲಿ ಅಲ್ಲಿ ಆಸ್ಪತ್ರೆಗಳು ಬೆಲೆಯನ್ನು ಚೌಕಾಸಿ ಮಾಡಿ ರೋಗಿಗಳನ್ನು ಪಡೆಯುವಂತೆ ಬಿಟ್ಟರು. ಕಾಯುವ ಸಮಯ ಕಡಿಮೆಯಾಯಿತು. ಪೈಪೋಟಿ ಹೆಚ್ಚಿದ್ದ ಕಡೆ ಹೃದಯಾಘಾತದ ರೋಗಿಗಳ ಸಾವು ಮಾತ್ರ ಹೆಚ್ಚಿತು. ಕಾಯುವ ದಿನಗಳು ಎಲ್ಲರ ಕಣ್ಣಿಗೆ ಕಾಣುತ್ತಿದ್ದವು, ಸಾವಿನ ಪ್ರಮಾಣವನ್ನು ಆಗ ಪ್ರಕಟಿಸುತ್ತಿರಲಿಲ್ಲ. ಕಾಣುವುದನ್ನು ಸರಿಪಡಿಸಿದರು, ಕಾಣದ್ದನ್ನು ಕೈಬಿಟ್ಟರು. 2006ರಲ್ಲಿ ರೋಗಿಗೆ ಆಸ್ಪತ್ರೆ ಆರಿಸುವ ಹಕ್ಕು ಕೊಟ್ಟಾಗ ಬೆಲೆಯನ್ನು ಸರ್ಕಾರವೇ ನಿಗದಿ ಮಾಡಿತ್ತು, ಗುಣಮಟ್ಟದ ಮಾಹಿತಿಯೂ ಜನರಿಗೆ ಸಿಗತೊಡಗಿತ್ತು. ಈ ಸಲ ಪೈಪೋಟಿ ಹೆಚ್ಚಿದ್ದ ಪ್ರದೇಶಗಳಲ್ಲಿ ಹೃದಯಾಘಾತದ ಸಾವು ಬೇಗ ಇಳಿಯಿತು. ಒಂದೇ ದೇಶ, ಸರ್ಕಾರದ್ದೇ ಹಣ. ನಿಯಮ ಬದಲಾದಾಗ ಫಲ ತಿರುವುಮುರುವಾಯಿತು.

ನಮ್ಮಲ್ಲಿ ನಿಗದಿತ ಬೆಲೆ ಬಂದಿದೆ. ಸಿಂಧನೂರಿನ ಯಾವ ಆಸ್ಪತ್ರೆಯಲ್ಲಿ ಹೆರಿಗೆಯ ನಂತರ ಎಷ್ಟು ತಾಯಂದಿರಿಗೆ ಸೋಂಕಾಯಿತು ಎಂಬ ಮಾಹಿತಿ ಎಲ್ಲಿದೆ, ಹೇಳಿ?

ಶುಶ್ರೂಷಾ ಅಧಿಕಾರಿ, ಕೊಪ್ಪಳ:

ಮೇಷ್ಟ್ರು ಕೊನೆಗೆ ಕೇಳಿದ ಪ್ರಶ್ನೆಗೆ ಒಳಗಿನವಳಾಗಿ ಉತ್ತರಿಸುತ್ತೇನೆ. ಮಾಹಿತಿ ಇದೆ. ನಾವು ದಿನವೂ ರಿಜಿಸ್ಟರ್ ತುಂಬುತ್ತೇವೆ. ಅದು ಮೇಲಕ್ಕೆ ಹೋಗುತ್ತದೆ, ಜನರ ಕಡೆಗೆ ಬರುವುದಿಲ್ಲ.

ಗುಣಮಟ್ಟಕ್ಕೆ ಹಣ ಕೊಡುವ ಏರ್ಪಾಡು ಸರ್ಕಾರದಲ್ಲಿ ಇಲ್ಲವೇ ಇಲ್ಲ ಎಂದು ತಿಳಿಯಬೇಡಿ. ಸ್ವಚ್ಛತೆ ಮತ್ತು ಸೋಂಕು ನಿಯಂತ್ರಣಕ್ಕೆ 2015ರಿಂದ ಕಾಯಕಲ್ಪ ಪ್ರಶಸ್ತಿ ಇದೆ. ರಾಷ್ಟ್ರೀಯ ಗುಣಮಟ್ಟದ ಪ್ರಮಾಣಪತ್ರ ಪಡೆದ ಸರ್ಕಾರಿ ಆಸ್ಪತ್ರೆಗೆ ಹಾಸಿಗೆ ಲೆಕ್ಕದಲ್ಲಿ ಪ್ರೋತ್ಸಾಹಧನ ಬರುತ್ತದೆ. ತಪಾಸಣೆ ಹತ್ತಿರ ಬಂದಾಗ ಆಸ್ಪತ್ರೆ ಹೇಗೆ ಬದಲಾಗುತ್ತದೆ ಎಂದು ಕಣ್ಣಾರೆ ನೋಡಿದ್ದೇನೆ. ಹೆರಿಗೆ ಕೋಣೆಗೆ ಪರದೆ ಬರುತ್ತದೆ, ಕೈ ತೊಳೆಯುವ ಜಾಗದಲ್ಲಿ ಸೋಪು ಇರುತ್ತದೆ, ಕಸವನ್ನು ಬಣ್ಣದ ಚೀಲಗಳಲ್ಲಿ ಬೇರ್ಪಡಿಸುತ್ತಾರೆ. ಅದರಲ್ಲಿ ಬಹಳಷ್ಟು ಆಮೇಲೂ ಉಳಿದುಕೊಂಡಿದೆ. ಪಕ್ಕದ ತಾಲ್ಲೂಕಿನವರಿಗೆ ಬಹುಮಾನ ಬಂತು, ನಮಗೆ ಏಕಿಲ್ಲ ಎಂದು ನಮ್ಮವರೇ ಕೇಳಿಕೊಳ್ಳುತ್ತಾರೆ. ಸರ್ಕಾರಿ ಆಸ್ಪತ್ರೆಗಳ ನಡುವೆಯೂ ಆರೋಗ್ಯಕರ ಪೈಪೋಟಿ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ರಾತ್ರಿ ಪಾಳಿಯಲ್ಲಿ ಒಂದು ಇಡೀ ವಾರ್ಡಿಗೆ ಒಬ್ಬಳೇ ನರ್ಸ್ ಇದ್ದರೆ ಯಾವ ಪ್ರಮಾಣಪತ್ರವೂ ರೋಗಿಯನ್ನು ಕಾಯುವುದಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಹಣ ಹರಿದಿದೆ, 2023–24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಎಂದು ಘೋಷಿಸಿದರು. ಕಟ್ಟಡಗಳು ಎದ್ದಿವೆ. ಕಟ್ಟಡ ಉದ್ಘಾಟನೆಗೆ ಕಲ್ಲು ನೆಡುತ್ತಾರೆ, ಅರಿವಳಿಕೆ ತಜ್ಞರ ನೇಮಕಕ್ಕೆ ಯಾರೂ ಕಲ್ಲು ನೆಡುವುದಿಲ್ಲ. ಅರಿವಳಿಕೆ ತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗುವುದಿಲ್ಲ, ಆ ತಾಯಿ ಆಂಬುಲೆನ್ಸ್ ಹತ್ತಿ ಜಿಲ್ಲೆಗೆ ಬರುತ್ತಾಳೆ, ಇಲ್ಲವೇ ಸಾಲ ಮಾಡಿ ಖಾಸಗಿಗೆ ಹೋಗುತ್ತಾಳೆ.

ದೇವದುರ್ಗದ ಮಗಳು:

ನಾನು ಓದಿದವಳಾದರೂ ಅರ್ಥಶಾಸ್ತ್ರ ತಿಳಿದವಳಲ್ಲ. ನಮ್ಮ ತಾಯಿಗೆ ಡಯಾಲಿಸಿಸ್ ಆಗುತ್ತದೆ. ಸರ್ಕಾರಿ ಯಂತ್ರ ಕೆಟ್ಟಿದ್ದಾಗ ರೆಫರಲ್ ಮೇಲೆ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಾರ್ಡಿನಲ್ಲಿ ಎಲ್ಲ ಉಚಿತ ಎಂದರು. ಆಮೇಲೆ ಇಂಜೆಕ್ಷನ್ ಹೊರಗಿನಿಂದ ತನ್ನಿ, ಈ ರಕ್ತ ಪರೀಕ್ಷೆ ಪ್ಯಾಕೇಜ್‌ನಲ್ಲಿ ಬರುವುದಿಲ್ಲ ಎಂದು ಒಂದೊಂದಾಗಿ ಹಣ ಕಟ್ಟಿಸಿಕೊಂಡರು. ರಶೀದಿ ಕೇಳಿದರೆ ಮುಖ ಬಿಗಿಯುತ್ತಿತ್ತು. ಬೇರೆ ಆಸ್ಪತ್ರೆಗೆ ಹೋಗಬಹುದಿತ್ತಲ್ಲ ಎಂದು ಇಲ್ಲಿ ಯಾರಾದರೂ ಕೇಳಬಹುದು. ಇನ್ನೊಂದು ಇರುವುದು ರಾಯಚೂರಿನಲ್ಲಿ. ವಾರದಲ್ಲಿ ಹಲವು ಸಲ ಅಷ್ಟು ದೂರ ಬಸ್ಸಿನಲ್ಲಿ ಕುಳಿತು ಬರುವ ಶಕ್ತಿ ಡಯಾಲಿಸಿಸ್ ಆದ ದೇಹದಲ್ಲಿ ಇರುವುದಿಲ್ಲ. ದೂರು ಕೊಡಲೂ ಹೆದರಿಕೆ, ನಾಳೆ ಅಲ್ಲಿಗೇ ಹೋಗಬೇಕಲ್ಲ.

ಮಾಜಿ ಆರೋಗ್ಯ ಮಿತ್ರ, ಬಳ್ಳಾರಿ:

ತಂಗಿ, ಹಾಗೆ ಹಣ ಪಡೆಯುವುದು ಯೋಜನೆಯ ನಿಯಮಕ್ಕೆ ವಿರುದ್ಧ. ಯಾವ ಯಾವ ಔಷಧ, ಪರೀಕ್ಷೆಗೆ ಹಣ ಕಟ್ಟಿದಿರಿ ಎಂದು ಈಗಲೇ ಬರೆದಿಟ್ಟುಕೊಳ್ಳಿ. ಔಷಧದ ಅಂಗಡಿಯ ಬಿಲ್ಲುಗಳು ಇದ್ದರೂ ಸಾಕು. ರಾಜ್ಯದ ಸಹಾಯವಾಣಿ 104, ಆಯುಷ್ಮಾನ್ ಸಹಾಯವಾಣಿ 14555. ಕರೆ ಮಾಡಿ ದೂರಿನ ಸಂಖ್ಯೆ ಕೇಳಿ ಪಡೆಯಿರಿ. ತಾಯಿಯ ಹೆಸರಿನಲ್ಲಿ ಎಷ್ಟು ಡಯಾಲಿಸಿಸ್‌ಗೆ ಕ್ಲೇಮ್ ಹೋಗಿದೆ ಎಂದೂ ವಿಚಾರಿಸಿ. ಆಯುಷ್ಮಾನ್ ಬಗೆಗಿನ 2023ರ ಮಹಾಲೇಖಪಾಲರ ವರದಿಯಲ್ಲಿ ಸತ್ತವರೆಂದು ದಾಖಲಾದವರ ಹೆಸರಿನಲ್ಲಿ ಚಿಕಿತ್ಸೆ ತೋರಿಸಿದ್ದು, ಒಂದೇ ಮೊಬೈಲ್ ಸಂಖ್ಯೆಗೆ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳು ಜೋಡಣೆಯಾಗಿದ್ದು ಎಲ್ಲ ಬಂದಿದೆ. ಕೇಳುವವರು ಕೇಳಿದರೆ ಮಾತ್ರ ಇಂಥವು ಬೆಳಕಿಗೆ ಬರುತ್ತವೆ.

ರೈತ, ಸಿರುಗುಪ್ಪ:

ಕಾರ್ಡಿನ ಬಗ್ಗೆ ಇಲ್ಲಿ ಬರೀ ದೂರು ಕಾಣುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ರಾಜ್ಯದಲ್ಲಿ ಮೊದಲು ಬಂದದ್ದೇ ನಮ್ಮ ಕಲಬುರಗಿ ವಿಭಾಗಕ್ಕೆ. ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡ, ಸುಟ್ಟ ಗಾಯ ಇಂಥ ದೊಡ್ಡ ಚಿಕಿತ್ಸೆಗಳಿಗೆ. ಬಿಪಿಎಲ್ ಕಾರ್ಡ್ ಇದ್ದರೆ ಸಾಕಿತ್ತು, ಬೇರೆ ನೋಂದಣಿ ಇಲ್ಲ, ಕಂತು ಇಲ್ಲ. ಯೋಜನೆ ಬಂದ ಉತ್ತರದ ಹಳ್ಳಿಗಳನ್ನು, ಗಡಿಯಾಚೆ ಯೋಜನೆ ಇನ್ನೂ ಬಾರದಿದ್ದ ದಕ್ಷಿಣದ ಹಳ್ಳಿಗಳ ಜೊತೆ ಹೋಲಿಸಿ ಮಾಡಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. ಯೋಜನೆಯ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು 64% ಕಡಿಮೆ, ಆಸ್ಪತ್ರೆಗೆ ಕೈಯಿಂದ ಕಟ್ಟುವ ಹಣ 34% ಕಡಿಮೆ ಎಂದು ಅದು ಹೇಳಿತು. ನಮ್ಮ ಓಣಿಯಲ್ಲೇ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಇಂದಿಗೂ ಹೊಲಕ್ಕೆ ಹೋಗುವವರಿದ್ದಾರೆ. ಆ ಕಾರ್ಡ್ ಇರದಿದ್ದರೆ ಅವರು ಬದುಕಿರುತ್ತಿರಲಿಲ್ಲ. ದಯವಿಟ್ಟು ಇದನ್ನು ಮರೆಯಬೇಡಿ.

ಅರ್ಥಶಾಸ್ತ್ರ ಮೇಷ್ಟ್ರು, ಸಿಂಧನೂರು:

ಮರೆಯಬಾರದ ಮಾತು, ಗೌಡರೇ. ಆದರೆ ಅದರಲ್ಲಿಯೇ ಒಂದು ವಿಷಯ ಗಮನಿಸಿ. ಆಗ ಹಳ್ಳಿಗಳಲ್ಲಿ ಆರೋಗ್ಯ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುತ್ತಿದ್ದರು, ಶಸ್ತ್ರಚಿಕಿತ್ಸೆ ಬಹುತೇಕ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಆಗುತ್ತಿತ್ತು. ದೂರ ಹೋಗಲು ಸಮಯವಿರುವ ಕಾಯಿಲೆಗೆ ಆ ದಾರಿ ಚೆನ್ನಾಗಿ ನಡೆಯಿತು. ಹೆರಿಗೆಗೆ, ಹೃದಯಾಘಾತಕ್ಕೆ, ತಲೆಗೆ ಬಿದ್ದ ಪೆಟ್ಟಿಗೆ ಆ ಸಮಯವಿಲ್ಲ. ಅಲ್ಲಿ ಹತ್ತಿರದ ಆಸ್ಪತ್ರೆಯೇ ಒಳ್ಳೆಯದಿರಬೇಕು.

ಸರ್ಕಾರಿ ಸಂಸ್ಥೆಯೂ ಖಾಸಗಿಯವರನ್ನು ಗುಣದಲ್ಲಿ ಹಿಂದಿಕ್ಕಬಹುದು ಎಂಬುದಕ್ಕೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ನಮ್ಮ ಮುಂದಿದೆ. ಸ್ವಾಯತ್ತ ಆಡಳಿತ, ಕಟ್ಟುವ ಶಕ್ತಿ ಇದ್ದವರಿಂದ ಶುಲ್ಕ, ಇಲ್ಲದವರಿಗೆ ರಿಯಾಯಿತಿ, ಮೊದಲು ಚಿಕಿತ್ಸೆ ಆಮೇಲೆ ಹಣ ಎಂಬ ನೀತಿ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಅದರ 371 ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಜಯದೇವದಂಥ ಆಸ್ಪತ್ರೆ ಊರಿನಲ್ಲಿದ್ದರೆ ಖಾಸಗಿಯವರ ಸ್ಟೆಂಟ್ ಬಿಲ್ಲೂ ತಗ್ಗಬಹುದು. ರಾಯಚೂರಿನವರು ಏಮ್ಸ್‌ಗಾಗಿ 2022ರ ಮೇ 13ರಿಂದ ಧರಣಿ ಕುಳಿತದ್ದು ಇದೇ ಕಾರಣಕ್ಕೆ ಎಂದು ನಾನು ತಿಳಿದಿದ್ದೇನೆ. ಕಾರ್ಡ್ ಕೈಯಲ್ಲಿದ್ದೂ ಹೈದರಾಬಾದ್ ಬಸ್ ಹತ್ತುವವರ ಬೇಡಿಕೆ ಅದು.

ಸಂಡೂರಿನ ಆಶಾ ಕಾರ್ಯಕರ್ತೆ:

ನನ್ನ ಪ್ರಶ್ನೆ ಬೇರೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಹೆರಿಗೆಗೆ ಸರ್ಕಾರಿ ಆಸ್ಪತ್ರೆಗೇ ಹೋಗಿ ಎಂದು ಮನೆಮನೆಗೆ ಹೇಳುವವರು ನಾವು. ಆ ತಿಂಗಳು ಗರ್ಭಿಣಿಯರ ಮನೆಗೆ ಹೋಗಿ ಏನು ಹೇಳಬೇಕಿತ್ತು? ಪೈಪೋಟಿ, ಗುಣಮಟ್ಟ ಎಂದೆಲ್ಲ ಮಾತಾಡುವವರು ಇದಕ್ಕೂ ಉತ್ತರ ಕೊಡಬೇಕು.

ಅರ್ಥಶಾಸ್ತ್ರ ಮೇಷ್ಟ್ರು, ಸಿಂಧನೂರು:

ಅಕ್ಕ, ನಿಮ್ಮ ಪ್ರಶ್ನೆ ಬೇರೆಯದಲ್ಲ. ಔಷಧ ಖರೀದಿಯ ಟೆಂಡರ್‌ನಲ್ಲಿಯೂ ಪೈಪೋಟಿ ಇದೆ, ಕಡಿಮೆ ಬೆಲೆ ಬರೆದವರು ಗೆಲ್ಲುತ್ತಾರೆ. ಬೆಲೆ ಕಾಗದದ ಮೇಲೆ ಕಾಣುತ್ತದೆ, ಬಾಟಲಿಯೊಳಗಿನ ದ್ರಾವಣ ಶುದ್ಧವೇ ಎಂಬುದು ಪ್ರಯೋಗಾಲಯದ ವರದಿ ಬರುವವರೆಗೆ ಕಾಣುವುದಿಲ್ಲ. ಇಂಗ್ಲೆಂಡಿನ 1990ರ ದಶಕದ ಕಥೆಯೇ ಇದು. ಗುಣ ಕಾಣದ ಕಡೆ ಬೆಲೆಯ ಪೈಪೋಟಿ ಬಿಟ್ಟರೆ ಗುಣ ಸಾಯುತ್ತದೆ. ಆ ದ್ರಾವಣದ ಮೇಲಿನ ಅನುಮಾನ ನಿಜವಾದರೆ ನಮ್ಮಲ್ಲಿ ಅದಕ್ಕೆ ಬಾಣಂತಿಯರು ಬೆಲೆ ತೆತ್ತರು. ಪ್ರತಿ ಬ್ಯಾಚ್‌ನ ಪರೀಕ್ಷಾ ವರದಿ ವಾರ್ಡಿಗೆ ತಲುಪಿದ ಮೇಲೆಯೇ ಬಾಟಲಿ ಬಳಸಬೇಕು ಎಂಬ ನಿಯಮ, ಪದೇ ಪದೇ ತಪ್ಪಿದ ತಯಾರಕರನ್ನು ಟೆಂಡರ್‌ನಿಂದ ದೂರವಿಡುವ ಧೈರ್ಯ, ಇವೆರಡೂ ಆಸ್ಪತ್ರೆಯ ಹೊಸ ಕಟ್ಟಡಕ್ಕಿಂತ ಮೊದಲು ಬರಬೇಕು.

ಸಣ್ಣ ನರ್ಸಿಂಗ್ ಹೋಂ ವೈದ್ಯ, ಗಂಗಾವತಿ:

ಇದನ್ನು ಪೂರ್ತಿ ಒಪ್ಪುತ್ತೇನೆ. ಫಲಿತಾಂಶ ಪ್ರಕಟಿಸುವ ವಿಷಯದಲ್ಲಿ ನನ್ನದೊಂದು ಷರತ್ತು. ಸಾವಿನ ಸಂಖ್ಯೆಯನ್ನು ಹಾಗೆಯೇ ಗೋಡೆಗೆ ಅಂಟಿಸಿದರೆ ಕಷ್ಟದ ರೋಗಿಯನ್ನು ಯಾರೂ ಒಳಗೆ ಬಿಡುವುದಿಲ್ಲ, ಆ ಅಜ್ಜನಿಗೆ ಈಗ ಇರುವ ಬಾಗಿಲೂ ಮುಚ್ಚುತ್ತದೆ. ವಯಸ್ಸು, ಬರುವಾಗಿನ ಸ್ಥಿತಿ, ಜೊತೆಗಿರುವ ಕಾಯಿಲೆ ನೋಡಿ ತೂಗಿದ ಲೆಕ್ಕ ಬೇಕು. ಮಾನ್ಯತೆ ಪತ್ರ ಇದ್ದವರಿಗೆ ಹೆಚ್ಚು ದರ ಕೊಡುವ ಪದ್ಧತಿ ಕೇಂದ್ರದ ಮಾರ್ಗಸೂಚಿಯಲ್ಲಿದೆ, ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್‌ನ ಪೂರ್ಣ ಮಾನ್ಯತೆಗೆ 15%, ಪ್ರವೇಶ ಹಂತಕ್ಕೆ 10%. ಅದರಲ್ಲಿ ಅಳೆಯುವುದು ಹೆಚ್ಚಾಗಿ ಕಾಗದಪತ್ರ ಮತ್ತು ವ್ಯವಸ್ಥೆ. ರೋಗಿ ಗುಣವಾದದ್ದಕ್ಕೂ, ಕಷ್ಟದ ರೋಗಿಯನ್ನು ಸೇರಿಸಿಕೊಂಡದ್ದಕ್ಕೂ ಹೆಚ್ಚು ಕೊಡಲಿ. ಹಣ 30 ದಿನದೊಳಗೆ ಬರಲಿ. ಆಗ ನಮ್ಮಂಥ ಸಣ್ಣವರೂ ಎದೆಯುಬ್ಬಿಸಿ ಪೈಪೋಟಿಗೆ ಇಳಿಯುತ್ತೇವೆ.

ಶುಶ್ರೂಷಾ ಅಧಿಕಾರಿ, ಕೊಪ್ಪಳ:

ಎಲ್ಲಿಂದ ಶುರು ಮಾಡಬೇಕು ಎಂದು ಹೇಳುತ್ತೇನೆ. ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇದೆ. ಪ್ಯಾಕೇಜ್ ಹಣದ ವಿಷಯವೂ ಅಲ್ಲಿ ಚರ್ಚೆಯಾಗಬೇಕು. ಅದರ ಸದಸ್ಯರಿಗೆ ಬರವಣಿಗೆಯಲ್ಲಿ ಮೂರು ಪ್ರಶ್ನೆ ಕೇಳಿ: ಕಳೆದ ವರ್ಷ ಯೋಜನೆಯಿಂದ ಎಷ್ಟು ಬಂತು ಮತ್ತು ಯಾವುದಕ್ಕೆ ಹೋಯಿತು, ಯಾವ ಯಾವ ಚಿಕಿತ್ಸೆಗೆ ಎಷ್ಟು ರೋಗಿಗಳನ್ನು ಹೊರಗೆ ಕಳುಹಿಸಿದಿರಿ, ಸಿಸೇರಿಯನ್ ನಂತರ ಸೋಂಕು ಎಷ್ಟು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ.

ದೇವದುರ್ಗದ ಮಗಳು:

ಅಕ್ಕ, ಡಯಾಲಿಸಿಸ್ ಯಂತ್ರ ವರ್ಷದಲ್ಲಿ ಎಷ್ಟು ದಿನ ಕೆಟ್ಟು ನಿಂತಿತ್ತು ಎಂಬುದನ್ನೂ ಆ ಪಟ್ಟಿಗೆ ಸೇರಿಸಿ. ನಮ್ಮ ತಾಲ್ಲೂಕಿನ ಅರ್ಜಿಯನ್ನು ನಾನು ಬರೆಯುತ್ತೇನೆ. 104ಕ್ಕೆ ಕರೆ ಮಾಡಿದ್ದೇನೆ, ದೂರಿನ ಸಂಖ್ಯೆ ಕೊಟ್ಟಿದ್ದಾರೆ.